ವಿಮಾನದ ಬಯಲಲ್ಲಿ ಬೀಗರ ಪಂಕ್ತಿ

ಈ ಸಲ ನಮ್ಮ ಅತ್ತೆಯವರ ಬಾಯಿಂದ "ಅಳಿಯ ಜಾಣ" ಎಂದು ಅನ್ನಿಸಿಯೇ ತೀರುತ್ತೇನೆ! ಎಂಬತ್ತನಾಲ್ಕನೆಯ ಇಸವಿಯ ಜನವರಿಯಲ್ಲಿ ನಾನು ಕೈಗೊಂಡ ಘೋರ ಪ್ರತಿಜ್ಞೆ ಇದು. ತಿರ್ಲಾಪುರದ ಶಾಲೆಯಲ್ಲಿ ನಾನು ಮಾಳಪ್ಪ ಮಾಸ್ತರ, ಊರಿಗೆಲ್ಲ ಬುದ್ಧಿ ಹೇಳುವವನು. ಆದರೆ ಮದುವೆಯಾಗಿ ಹನ್ನೆರಡು ವರ್ಷವಾದರೂ ಅತ್ತೆ ಮೈಲಾರವ್ವ ನನ್ನನ್ನು ಒಮ್ಮೆಯೂ ಹೊಗಳಿರಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು: ಅಣ್ಣಿಗೇರಿಯ ಆಚೆಗಿನ ದೊಡ್ಡ ಬಯಲಿನಲ್ಲಿ ಮಹಾಯುದ್ಧದ ಕಾಲದ ಮಿಲಿಟರಿ ವಿಮಾನಗಳ ಪ್ರದರ್ಶನ!

"ಅತ್ತೀ, ನಡೀರಿ. ವಿಮಾನದ ಬಗ್ಗೆ ನಾ ಓದದ ಪುಸ್ತಕಿಲ್ಲ. ಎಲ್ಲಾ ಬಿಡಿಸಿ ಹೇಳ್ತೇನಿ" ಎಂದೆ.

"ಹೇಳೂದು ಇದ್ದದ್ದ ಐತಿ. ವಿಮಾನ ಕಾಣೂಹಂಗ ಕುಂಡ್ರಸ್ರಿ, ಸಾಕು" ಎಂದರು ಅತ್ತೆ.

ನಾವು ಮುಟ್ಟುವಷ್ಟರಲ್ಲಿ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಬಳಿ ಜನವೋ ಜನ! ಮುಂದಿನವರ ರುಮಾಲುಗಳ ಹೊರತು ಏನೂ ಕಾಣದು. ನಾನು ಬಿಡುವವನೇ? ಹೆಂಡತಿ ಬಸಕ್ಕನನ್ನೂ ಅತ್ತೆಯನ್ನೂ ಕರೆದುಕೊಂಡು ಜೋಳದ ಹೊಲದಲ್ಲಿ ಹಾದು ಬಯಲಿನ ಆಚೆ ಬದಿಗೆ ಹೋದೆ. ಅಲ್ಲಿ ಹುಲ್ಲಿನ ಮೇಲೆ ಅಚ್ಚ ಬಿಳಿಯ ಬಟ್ಟೆ ಹಾಸಿತ್ತು! ಒಂದು ಉದ್ದ ಪಟ್ಟಿ, ಅದರ ತಲೆಗೆ ಒಂದು ಅಡ್ಡ ಪಟ್ಟಿ.

"ಬ್ಯಾಡ್ರೀ, ಯಾರಿಗೋ ಹಾಸ್ಯಾರ" ಎಂದಳು ಬಸಕ್ಕ.

"ಹುಚ್ಚಿ! ಮದುವಿ ಊಟದಾಗ ಪಂಕ್ತಿಗೆ ಪಟ್ಟಿ ಹಾಸೂದು ನೋಡಿಲ್ಲೇನು? ಅಡ್ಡ ಪಟ್ಟಿ ಬೀಗರಿಗೆ, ಉದ್ದ ಪಟ್ಟಿ ಉಳಿದವರಿಗೆ. ದೊಡ್ಡ ಮಂದೀಗೆ ಹಾಸ್ಯಾರ. ಮಾಸ್ತರ ಅಂದ್ರ ಸಣ್ಣ ಮನಷ್ಯಾನ?"

ಅತ್ತೆಯವರನ್ನು ಅಡ್ಡ ಪಟ್ಟಿಯ ಮೇಲೆ ಸಕಲ ಮರ್ಯಾದೆಯೊಂದಿಗೆ ಕೂರಿಸಿ ರೊಟ್ಟಿಯ ಗಂಟು ಬಿಚ್ಚಿದೆವು. ಎದುರುಗಾಳಿ ಬೀಸಿ ಶೇಂಗಾ ಚಟ್ನಿ ಪುಡಿಯೆಲ್ಲ ಅತ್ತೆಯ ಕಣ್ಣಿಗೆ!

"ಅಳಿಯಾರ, ಕಣ್ಣು ಹೋದ್ವು! ಗಾಳಿಗೆ ಮಕಾ ಕೊಟ್ಟು ಕುಂಡ್ರಸೀರಲ್ಲ!"

ಇದಕ್ಕೆಲ್ಲ ಹೆದರುವವನೇ ನಾನು? ಬಟ್ಟೆಯ ಅಂಚಿಗಿಟ್ಟಿದ್ದ ಕಲ್ಲು ತೆಗೆದು ಇಡೀ ಪಂಕ್ತಿಯನ್ನೇ ಹಿಂದುಮುಂದಾಗಿ ತಿರುಗಿಸಿ ಹಾಸಿದೆ. ಈಗ ಗಾಳಿ ನಮ್ಮ ಬೆನ್ನಿಗೆ.

ಆಗ ಬಂತು ನೋಡಿ! ಮೇಲೊಂದು ಕೆಳಗೊಂದು ರೆಕ್ಕೆಯ ಹಳದಿ ವಿಮಾನ. ಇಳಿಯಲು ಬಂದು, ನೆಲಕ್ಕೆ ತಾಗದೆ, ಗುಡುಗುತ್ತಾ ಮತ್ತೆ ಮೇಲೆದ್ದಿತು. ಎರಡನೆಯ ಸಲ ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ರೆಕ್ಕೆಗಳ ನಡುವಿನ ತಂತಿಗಳು ಸುಂಯ್ ಎನ್ನುವುದು ಕೇಳಿಸಿತು, ಒಳಗಿದ್ದವನ ಚರ್ಮದ ಟೊಪ್ಪಿಗೆಯೂ ಕಂಡಿತು. ನನಗೆ ಮೈ ಜುಮ್ಮೆಂದು, ಓದಿದ್ದೆಲ್ಲ ಮರೆತೇಹೋಯಿತು. ಅತ್ತೆ ಎದ್ದು ನಿಂತು ಸೆರಗು ಹೊದ್ದು ಕೈಮುಗಿದರು.

"ನಮ್ಮನ್ನ ನೋಡಾಕ ಬಂದಾರ, ಅತ್ತೀ!" ಎಂದೆ.

ಅಷ್ಟರಲ್ಲಿ ಕಾವಲುಗಾರ ಅಬ್ದುಲಮಜೀದ ಸೈಕಲ್ ತುಳಿಯುತ್ತಾ ಬಂದೇಬಿಟ್ಟ.

"ಏಳ್ರೀ! ಇದನ್ನ ಯಾರು ತಿರುವಿದ್ರಿ? ಆ ವಿಮಾನದಾಗ ರೇಡಿಯೋ ಇಲ್ರಿ! ಈ ಪಟ್ಟಿ ನೋಡೇ ಯಾ ಕಡಿಂದ ಇಳೀಬೇಕು ಅಂತ ತಿಳ್ಕೋತಾರ. ಅಡ್ಡ ಪಟ್ಟಿ ಗಾಳಿ ಬರೂ ಕಡೆ ಇರಬೇಕು. ಪೆಟ್ರೋಲ್ ಮುಗ್ಯಾಕ ಬಂದೈತಿ!"

ನನ್ನ ಬಾಯಿಯ ರೊಟ್ಟಿ ಅಲ್ಲೇ ನಿಂತಿತು. ಮೇಲೆ ಒಬ್ಬ ಮನುಷ್ಯನ ಜೀವ, ಕೆಳಗೆ ನನ್ನ ಜಾಣತನ! ಗಾಳಿಯೂ ಅಷ್ಟರಲ್ಲಿ ಸಣ್ಣಗಾಗಿ, ಯಾವ ಕಡೆಯಿಂದ ಬರುತ್ತಿದೆಯೆಂದೇ ತಿಳಿಯದಾಗಿತ್ತು. ನಾನು ಪಡುವಣ ಎಂದೆ, ಅಬ್ದುಲಮಜೀದ ಬಡಗಣ ಎಂದ. ದಿನಾ ಮಕ್ಕಳಿಗೆ ದಿಕ್ಕು ಕಲಿಸುವವನು ನಾನು!

ಅತ್ತೆ ಒಂದು ಹಿಡಿ ಚಟ್ನಿ ಪುಡಿಯನ್ನು ತಲೆಯ ಮೇಲೆತ್ತಿ ಸಣ್ಣಗೆ ಸುರಿದರು.

"ಕಣದಾಗ ರಾಶಿ ತೂರಿದವರು ಯಾರೂ ಇಲ್ಲೇನು ಇಲ್ಲಿ? ನೋಡ್ರಿ, ಗಾಳಿ ಮೂಡಲಿಂದ ಐತಿ. ಎಳೀರಿ ಪಟ್ಟಿ!"

ಎಳೆದೆವು, ಹಾಸಿದೆವು, ಓಡಿದೆವು. ವಿಮಾನ ತೇಲುತ್ತಾ ಬಂದು, ಹುಲ್ಲಿನ ಮೇಲೆ ಎರಡು ಬಾರಿ ಕುಪ್ಪಳಿಸಿ, ನಿಂತಿತು. ಆ ಕ್ಷಣ ನಾನು ಅತ್ತದ್ದು ನಿಜ. ಚಟ್ನಿಯ ಖಾರ ಎಂದು ಬಸಕ್ಕನಿಗೆ ಹೇಳಿದೆ.

ನರೆತ ಮೀಸೆಯ ಪೈಲಟ್ ಇಳಿದು ಬಂದು ಹಿಂದಿಯಲ್ಲಿ ಏನೋ ಕೇಳಿದರು. ಅಬ್ದುಲಮಜೀದ ನಡೆದದ್ದನ್ನೆಲ್ಲ ಹೇಳಿದ, ನನ್ನ ಪಾಲನ್ನೂ ಬಿಡದೆ! ಪೈಲಟ್ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಅತ್ತೆಗೆ ಸೆಲ್ಯೂಟ್ ಹೊಡೆದರು.

"ಅಜ್ಜೀನ್ನ ವಿಮಾನದಾಗ ಕುಂಡ್ರಿಸಿಕೊಂಡು ಬಯಲಾಗ ಒಂದು ಸುತ್ತ ಓಡಸ್ತೀನಿ ಅಂತಾರ್ರಿ ಸಾಹೇಬ್ರು" ಎಂದ ಅಬ್ದುಲಮಜೀದ.

ನಾನೂ ಒಂದು ಹೆಜ್ಜೆ ಮುಂದೆ ಬಂದೆ. ಖಾಲಿ ಸೀಟು ಒಂದೇ ಇತ್ತು. ಅತ್ತೆ ಅದರಲ್ಲಿ ಕೂತು, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬಯಲಿನ ಆ ತುದಿ ಮುಟ್ಟಿ ಬಂದರು. ಇಳಿದಾಗ ಅವರ ಮುಖದಲ್ಲಿ ಚಿಕ್ಕ ಹುಡುಗಿಯ ನಗು. ಹನ್ನೆರಡು ವರ್ಷದಲ್ಲಿ ಆ ನಗುವನ್ನು ನಾನು ಕಂಡಿರಲಿಲ್ಲ.

ತಿರುಗಿ ಬರುವಾಗ ಬಸ್ಸು ತುಂಬಿತ್ತು. ನಾನು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಅತ್ತೆ ಇಡೀ ಬಸ್ಸಿಗೆ ಕೇಳುವಂತೆ ಮಗಳಿಗೆ ಹೇಳಿದರು:

"ನಮ್ಮ ಅಳಿಯಾರು ಅಗದಿ ಜಾಣರ ಬಿಡವಾ, ಬಸಕ್ಕ! ನೀ ಬ್ಯಾರೆ ಶಾಣ್ಯಾನ್ನ ಮದುವಿ ಮಾಡಿಕೊಂಡಿದ್ರ ಅವಾ ಆ ಪಟ್ಟಿ ಮುಟ್ಟತಿದ್ದಿಲ್ಲ. ನನಗ ವಿಮಾನ ಎಲ್ಲಿ ಸಿಗತಿತ್ತು?"