ಎರಡು ಕೋವಿ, ಎರಡು ಪಾತ್ರೆ ಸಾರು

ಗೊತ್ತಿಲ್ಲದ ವಿಷಯದಲ್ಲಿ ತಲೆ ಹಾಕುವುದು ನನ್ನ ಹುಟ್ಟುಗುಣ. ಜೀವಮಾನದಲ್ಲಿ ಕೋವಿ ಮುಟ್ಟದ ನಾನು, ಮದುವೆಯಾದ ಹೊಸತರಲ್ಲಿ ಎರಡು ಕೋವಿಗಳ ಯೋಗ್ಯತೆ ಅಳೆಯಲು ಹೊರಟದ್ದೂ ಹಾಗೆಯೇ. ಕೊಟ್ಟಾರದ ನನ್ನ ಮಾವನದು ಹನ್ನೆರಡು ಬೋರಿನ ಹಳೆಯ ಕೋವಿ. ಅವರ ಮಗ ತಂದದ್ದು ಇಪ್ಪತ್ತು ಬೋರಿನ ಹೊಸ ಕೋವಿ. ಇಪ್ಪತ್ತೇ ದೊಡ್ಡದಲ್ಲವೇ ಎಂದು ಕೇಳಿದಾಗ ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. ಕಿಲೋ ಬಂದ ಮೇಲೂ ರಾತ್ಲು ಬಿಡದ ಮಾವ ವಿವರಿಸಿದರು: ಒಂದು ರಾತ್ಲು ಸೀಸದಲ್ಲಿ ಹನ್ನೆರಡು ಸಮ ಉಂಡೆ ಮಾಡಿದರೆ, ಅದರಲ್ಲೊಂದು ಹಿಡಿಸುವ ನಳಿಗೆ ಹನ್ನೆರಡು ಬೋರಿನದು. ಇಪ್ಪತ್ತು ಮಾಡಿದರೆ ಉಂಡೆ ಸಣ್ಣದು, ನಳಿಗೆಯೂ ಸಣ್ಣದು. ಅಂಕಿ ಏರಿದಂತೆ ತೂತು ಕಿರಿದಾಗುವ ಈ ಲೆಕ್ಕ ನನ್ನನ್ನು ಎರಡು ದಿನ ಕಾಡಿತು.

ಅವರ ಜಗಳ ಮಾತ್ರ ತಿಂಗಳಿಂದ ನಡೆದಿತ್ತು. "ನಿನ್ನದೆಂತ ಕೋವಿ ಮಾರಾಯ, ಕಾಗೆ ಓಡಿಸ್ಲಿಕ್ಕೆ ಆದೀತು," ಎಂದು ಮಾವ. "ನಿಮ್ಮದು ಹೆಗಲು ಮುರೀತದೆ ಅಪ್ಪ. ನನ್ನದು ಹಗುರ ಉಂಟು, ಗುರಿಗೆ ಸರಿಯಾಗಿ ಬೀಳ್ತದೆ," ಎಂದು ಮಗ. ಕೊನೆಗೆ ಮಾವ ಕೆಂಪಾಗಿ, ಸೋತರೆ ಇನ್ನು ಕೋವಿಯನ್ನೇ ಮುಟ್ಟುವುದಿಲ್ಲ ಎಂದುಬಿಟ್ಟರು. ತೀರ್ಪಿನ ಉಪಾಯ ನನ್ನದು. ಒಬ್ಬೊಬ್ಬರು ಸೀಸದ ಕಾಳು ತುಂಬಿದ ಒಂದೇ ತೋಟೆ ಹಾರಿಸಿ, ಸಮ ದೂರದಿಂದ, ಒಂದೊಂದು ಕಾಡುಕೋಳಿ ಹೊಡೆಯಬೇಕು. ಬೇರೆ ಬೇರೆ ಪಾತ್ರೆಯಲ್ಲಿ ಸಾರು ಮಾಡಿಸಬೇಕು. ಉಣ್ಣುವಾಗ ಯಾವ ಕೋಳಿಯಲ್ಲಿ ಸೀಸದ ಕಾಳು ಹೆಚ್ಚು ಸಿಗುತ್ತದೋ ಆ ಕೋವಿ ಮೇಲು. ಎಷ್ಟು ಶಾಸ್ತ್ರೀಯ ಎಂದು ನಾನೇ ಬೀಗಿದೆ.

ಭಾನುವಾರ ಇಬ್ಬರ ಕೋಳಿಯೂ ಬಂತು, ಅತ್ತೆ ಸಾರು ಮಾಡಿ ಬಡಿಸಿದರು. ಎಲ್ಲರೂ ಮೆಲ್ಲಗೆ ಅಗಿದು, ಸಿಕ್ಕಿದ ಕಾಳನ್ನು ಎಲೆಯ ಅಂಚಿಗೆ ಇಡುತ್ತಿದ್ದರು. ಆರಕ್ಕೆ ಆರು ಸಮವಾಯಿತು. ಉಳಿದದ್ದು ಮಗನ ಕೋಳಿಯ ಒಂದೇ ತುಂಡು, ಅದೂ ಅಳಿಯನೆಂದು ನನ್ನ ಎಲೆಗೇ ಬಿತ್ತು. ಕಚ್ಚಿದೆ. ಹಲ್ಲಿಗೆ ಟಕ್ಕೆಂದಿತು. ತಲೆಯೆತ್ತಿದರೆ ಮಾವ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಅಯ್ಯೋ ಎನಿಸಿತು. ನೀರು ಕುಡಿದು ಕಾಳನ್ನು ನುಂಗಿಬಿಟ್ಟೆ.

"ಎಂತ ಸಿಕ್ಕಿತು ಭಾವ?" ಎಂದ ಮಗ.

"ಎಂತದೂ ಇಲ್ಲ, ಮೂಳೆ."

ಮಾವ ದೀರ್ಘವಾಗಿ ಉಸಿರುಬಿಟ್ಟು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು. ನನ್ನ ತ್ಯಾಗಕ್ಕೆ ನನಗೇ ಕಣ್ಣು ತುಂಬಿತು.

ಕೈ ತೊಳೆಯಲು ಅಡುಗೆಮನೆ ದಾಟುವಾಗ, ಒಂದು ತೆಂಗಿನ ಗೆರಟೆಯಲ್ಲಿ ಹತ್ತಿಪ್ಪತ್ತು ಸೀಸದ ಕಾಳು ಕಂಡವು.

"ಇದೆಂತ ಅತ್ತೆ?"

"ಕೋಳಿ ಕೊಯ್ಯುವಾಗ ಸಿಕ್ಕಿದ್ದು. ನಿಮ್ಮ ಹಲ್ಲಿಗೆ ಸಿಕ್ಕಬಾರದಲ್ಲ? ಹೆಕ್ಕಿ ತೆಗೆದೆ."

"ಯಾವ ಕೋಳಿಯದ್ದು ಎಷ್ಟು?"

"ಎರಡರದ್ದೂ ಉಂಟು, ಒಟ್ಟಿಗೇ ಹಾಕಿದೆ. ನನ್ನತ್ರ ಯಾರು ಕೇಳಿದ್ರಿ?"

ಯಾರೂ ಕೇಳಿರಲಿಲ್ಲ. ಯಾವ ಬೋರು ಮೇಲೆಂದು ಇಂದಿಗೂ ನನಗೆ ತಿಳಿಯದು. ಆ ಪರೀಕ್ಷೆಯಲ್ಲಿ ಕಾಡುಕೋಳಿಗಳನ್ನು ಬಿಟ್ಟರೆ, ಒಳಗೆ ಸೀಸ ಹೊಕ್ಕದ್ದು ನನಗೊಬ್ಬನಿಗೇ ಎಂಬುದಷ್ಟೇ ಖಚಿತ.