ಸರ್ವಸೌಖ್ಯ ಟಾನಿಕ್ಕಿನ ವಿಳಂಬ ವಿಭಾಗ

ತಮಿಳು ಸೀಮೆಯ ಪೋತ್ತನೂರಿನ ಸರ್ವಸೌಖ್ಯ ಔಷಧಶಾಲೆಯು ಅಂಚೆಯ ಮೂಲಕ ಕಳಿಸುವ ಟಾನಿಕ್ಕು ತನ್ನ ಮೂರು ತಲೆಮಾರಿನ ಇತಿಹಾಸದಲ್ಲಿ ಒಬ್ಬ ರೋಗಿಯ ಮೇಲೂ ವಿಫಲವಾದದ್ದಿಲ್ಲ. ಇದು ಜಾಹೀರಾತಿನ ಮಾತಲ್ಲ, ಆಡಳಿತಾತ್ಮಕ ಸತ್ಯ. ದೂರು ವಿಭಾಗಕ್ಕೆ ಒಂದೇ ಒಂದು ದೂರೂ ಬಂದಿರಲಿಲ್ಲವಾದ್ದರಿಂದ ಅದರ ಮುಖ್ಯಸ್ಥೆ ಶೋಭನಾ ಆ ಮೇಜಿನ ಮೇಲೆ ವರ್ಷಗಳಿಂದ ಮಲ್ಲಿಗೆ ಕಟ್ಟುತ್ತಿದ್ದರು. ಸಂಸ್ಥೆಯೂ ಅದನ್ನು ಕರ್ತವ್ಯದ ಭಾಗವೆಂದೇ ಪರಿಗಣಿಸಿತ್ತು.

ಟಾನಿಕ್ಕನ್ನು ಮೊದಲು ಕಾಸಿದವರು ಈಗಿನ ಮಾಲೀಕ ಗೋಪಾಲಸಾಮಿಯವರ ತಾತ. ಸಿರುಮುಗೈಯಲ್ಲಿ ಮಗ್ಗ ನೇಯುತ್ತಿದ್ದ ಕನ್ನಡದ ಮನೆತನ. ಜಂಕ್ಷನ್ನಿನ ಪಕ್ಕದಲ್ಲಿದ್ದರೆ ಮದ್ದು ರೈಲು ಹತ್ತಿ ದೇಶವನ್ನೆಲ್ಲ ಸುತ್ತೀತೆಂದು ಅವರು ಪೋತ್ತನೂರಿಗೆ ಬಂದು ನೆಲೆಸಿದರು. ‘ಮಂಡಿನೋವು, ಅಜೀರ್ಣ, ನಿದ್ರಾಭಂಗ, ಗುಮಾಸ್ತರ ಕತ್ತುನೋವು ಹಾಗೂ ಕಾರಣವಿಲ್ಲದ ಬೇಸರ, ಇವೆಲ್ಲಕ್ಕೂ ಒಂದೇ ಬಾಟಲಿ’ ಎಂದು ಪತ್ರಿಕೆಗಳ ಮೂಲೆಯಲ್ಲಿ ಅಚ್ಚು ಹಾಕಿಸಿದರು. ಒಂದು ಕಾರ್ಡು ಬರೆದರೆ ಸಾಕು, ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಪಿ. ಅಂಚೆಯಲ್ಲಿ ಬಾಟಲಿ ಮನೆಬಾಗಿಲಿಗೆ ಬರುತ್ತಿತ್ತು. ಬರುತ್ತಿತ್ತು ನಿಜ, ಆದರೆ ಒಡನೆಯೇ ಅಲ್ಲ. ಗೋಣಿಚೀಲ ತುಂಬುವ ತನಕ ಪಾರ್ಸಲ್ ಕಚೇರಿಯ ಮೆಟ್ಟಿಲು ಹತ್ತಬಾರದೆಂಬುದು ತಾತನ ಕಟ್ಟಪ್ಪಣೆ. ಚೀಲಕ್ಕೋ ತುಂಬುವ ಅವಸರವಿರಲಿಲ್ಲ. ಆದಕಾರಣ ಮೊದಲು ಒಂದು ಪಥ್ಯದ ಚೀಟಿ ಹೊರಡುತ್ತಿತ್ತು: ‘ಮದ್ದು ದಾರಿಯಲ್ಲಿದೆ. ಬರುವವರೆಗೆ ಮುಂಜಾನೆ ಶುಂಠಿ ಕಷಾಯ, ಊಟಕ್ಕೆ ಮೆಣಸಿನ ಸಾರು, ನೋವಿದ್ದಲ್ಲಿಗೆ ಬಿಸಿ ಹರಳೆಣ್ಣೆ. ಭಾರದ ಕೆಲಸ ವರ್ಜ್ಯ. ಮನೆಯವರು ರೋಗಿಯನ್ನು ಗದರತಕ್ಕದ್ದಲ್ಲ. ದೊಡ್ಡ ರೋಗವಾದರೆ ನಮ್ಮನ್ನು ಕಾಯದೆ ದೊಡ್ಡಾಸ್ಪತ್ರೆಗೆ ಹೋಗತಕ್ಕದ್ದು.’

ಈ ಸಂಸ್ಥೆಗೆ ದಾವಣಗೆರೆಯ ಆದರ್ಶ್ ವಿತರಣಾ ವ್ಯವಸ್ಥಾಪಕನಾಗಿ ಬಂದ. ವ್ಯವಹಾರ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವೀಧರ. ತಡವೆಂಬುದು ದೇಶದ್ರೋಹದ ಸಹೋದರ ಎಂದು ಪ್ರಾಮಾಣಿಕವಾಗಿ ನಂಬಿದ್ದವನು. ಕೆಲಸ ಆರು ತಿಂಗಳ ಪರೀಕ್ಷೆಯ ಮೇಲಿತ್ತು. ಅದು ಮುಗಿದ ಮೇಲೆ ಕಾಯಂ, ಇಲ್ಲವೇ ದಾವಣಗೆರೆಯ ಬಸ್ಸು. ಅವನ ತಂದೆಯೋ, ಮಗನಿಗೆ ಕೆಲಸ ಕಾಯಂ ಆಗಿಯೇ ಹೋಯಿತೆಂದು ಬೀದಿಗೆಲ್ಲ ಪೇಡ ಹಂಚಿ ಕೂತಿದ್ದರು. ತಿಂದ ಪೇಡವನ್ನು ಬೀದಿಯಿಂದ ಮರಳಿ ಪಡೆಯುವ ವಿಧಾನವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಹೀಗಾಗಿ ಆದರ್ಶನಿಗೆ ಬಂದ ವಾರದಲ್ಲೇ ಒಂದು ಸುಧಾರಣೆ ಅತ್ಯಗತ್ಯವಾಯಿತು.

ಅವನು ಗೋಣಿಚೀಲವನ್ನು ರದ್ದುಪಡಿಸಿದ. ಕೊರಿಯರಿನವರೊಡನೆ ಒಪ್ಪಂದ ಮಾಡಿಕೊಂಡ. ಇಂದು ಕೇಳಿದವರಿಗೆ ನಾಳೆ ಬಾಟಲಿ. ಪಥ್ಯದ ಚೀಟಿ ಬಾಟಲಿಯ ಕೊರಳಿಗೇ. ಸಂಸ್ಥೆಯ ಆದೇಶಗಳು ಮಾತೃಭಾಷೆಯಲ್ಲೇ ಇರತಕ್ಕದ್ದೆಂಬ ತಾತನ ನಿಯಮವನ್ನು ಗೌರವಿಸಿ, ‘ಕ್ಷಿಪ್ರ ವಿತರಣಾ ಸುತ್ತೋಲೆ’ಯನ್ನು ಶುದ್ಧ ಕನ್ನಡದಲ್ಲಿ ರಚಿಸಿ ಗೋಡೆಗೆ ಅಂಟಿಸಿದ. ಮನೆಯಲ್ಲಿ ಕನ್ನಡ ಆಡುತ್ತ, ಶಾಲೆಯಲ್ಲಿ ತಮಿಳು ಕಲಿತ ಆ ಕಚೇರಿಯಲ್ಲಿ ಕನ್ನಡ ಲಿಪಿ ಓದಬಲ್ಲವನು ಅವನೊಬ್ಬನೇ. ಆದ್ದರಿಂದ ಸುತ್ತೋಲೆಗೆ ಯಾವುದೇ ಆಕ್ಷೇಪಣೆ ಬರಲಿಲ್ಲ.

“ಅಕ್ಷರ ಎಷ್ಟು ದುಂಡಗೆ ಬಂದಿದೆ, ನೋಡು ಶೋಭನಾ,” ಎಂದು ಗೋಪಾಲಸಾಮಿ ಕನ್ನಡಕ ಸರಿಪಡಿಸಿಕೊಂಡು ಕಣ್ತುಂಬ ನೋಡಿದರು. “ತಾತ ಇದ್ದಿದ್ರೆ ರೊಂಬ ಸಂತೋಷ ಪಡ್ತಿದ್ರು. ಅದಿರಲಿ ತಂಬಿ, ಇದರಲ್ಲಿ ಏನು ಬರೆದಿದೆ?”

“ಇನ್ನು ಮುಂದೆ ಔಷಧ ಮರುದಿನವೇ ತಲುಪುತ್ತದೆ ಅಂತ, ಸಾರ್.”

“ಮರುದಿನವಾ? ಅಷ್ಟು ಬೇಗ ಹೋಗಿ ಅದು ಅಲ್ಲಿ ಏನು ಮಾಡತ್ತೆ?”

ಇದು ಪ್ರಶ್ನೆಯಲ್ಲ, ವೃದ್ಧಾಪ್ಯದ ಉದ್ಗಾರವೆಂದು ಆದರ್ಶ್ ತಿಳಿದ.

ತಿಂಗಳೊಂದು ಕಳೆಯುವಷ್ಟರಲ್ಲಿ ಶೋಭನಾ ಮಲ್ಲಿಗೆ ಕಟ್ಟುವುದನ್ನು ನಿಲ್ಲಿಸಬೇಕಾಯಿತು. ಮೇಜಿನ ಮೇಲಿನ ಫೋನು ಹೂವು ಪೋಣಿಸಲು ಬಿಡುತ್ತಿರಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಿಂದ, ಪೊಳ್ಳಾಚಿಯ ತೆಂಗಿನ ಮಂಡಿಗಳಿಂದ ಒಂದೇ ದೂರು: ಮದ್ದು ಬಂದಿದೆ, ರೋಗ ಹೋಗಿಲ್ಲ. ಹಿಂದೆ ಔಷಧ ಬಾಗಿಲು ತಟ್ಟುವ ಹೊತ್ತಿಗೆ ರೋಗ ಮನೆಯಲ್ಲಿರುತ್ತಿರಲಿಲ್ಲ. ಈಗ ಎರಡೂ ಹೊಸ್ತಿಲಲ್ಲಿ ಮುಖಾಮುಖಿಯಾಗತೊಡಗಿದ್ದವು. ಆ ಮುಖಾಮುಖಿಯಲ್ಲಿ ಪ್ರತಿ ಬಾರಿಯೂ ಗೆದ್ದದ್ದು ರೋಗವೇ.

“ಸಾರ್,” ಎಂದರು ಶೋಭನಾ ಆದರ್ಶನಿಗೆ, “ಈವತ್ತು ಒಬ್ಬರು ಫೋನ್ ಮಾಡಿ, ಇದು ಕುಡಿಯೋದಾ, ಬಾಗಿಲ ಕೀಲಿಗೆ ಬಿಡೋದಾ ಅಂತ ಕೇಳಿದ್ರು. ಏನು ಹೇಳಲಿ?”

“ಹಿಂದೆ ಏನು ಹೇಳ್ತಿದ್ರಿ?”

“ಹಿಂದೆ ಯಾರೂ ಕೇಳ್ತಿರಲಿಲ್ಲ ಸಾರ್.”

ಪರೀಕ್ಷಾವಧಿಯ ಕೊನೆ ಹತ್ತಿರ ಬಂತು. ಆದರ್ಶನಿಗೆ ಕನಸಿನಲ್ಲಿ ಪೇಡಗಳು ಸಾಲುಗಟ್ಟಿ ಬೀದಿಯಿಂದ ಹಿಂದಿರುಗತೊಡಗಿದವು. ವಿತರಣೆ ಇನ್ನೂ ಸಾಕಷ್ಟು ಕ್ಷಿಪ್ರವಾಗಿಲ್ಲವೆಂದು ಅವನು ತೀರ್ಮಾನಿಸಿ, ಅದೇ ದಿನ ಸಂಜೆಯೊಳಗೆ ಬಾಟಲಿ ತಲುಪಿಸುವ ಯೋಜನೆಯೊಂದನ್ನು ಸಿದ್ಧಪಡಿಸುತ್ತಿದ್ದಾಗಲೇ ಸಿರುಮುಗೈಯಿಂದ ಪಳನಿಯಮ್ಮ ಬಂದರು. ಅರವತ್ತು ದಾಟಿದ ರೇಷ್ಮೆ ನೇಕಾರ್ತಿ. ಗೋಪಾಲಸಾಮಿಯವರಿಗೆ ದೂರದ ಬಳಗ. ಮೂರು ಬಸ್ಸು ಬದಲಿಸಿ, ಒಂದು ಕಾಲನ್ನು ಎಳೆಯುತ್ತ ಬಂದವರು, ಸೆರಗಿನಿಂದ ಬಾಟಲಿ ತೆಗೆದು ಮೇಜಿನ ಮೇಲೆ ಕುಟ್ಟಿ ಇಟ್ಟರು.

“ಏನು ಗೋಪಾಲು, ನಿನ್ನ ತಾತನ ಹೆಸರು ಕೆಡಿಸ್ತಿದ್ದೀಯಲ್ಲ! ನಲವತ್ತು ವರ್ಷದಿಂದ ತರಿಸ್ತಾ ಇದ್ದೀನಿ. ಒಂದು ದಿನವಾದ್ರೂ ಹೀಗಾಗಿದ್ದುಂಟಾ?”

“ಏನಾಯ್ತು ಅಕ್ಕಾ? ಕೂತ್ಕೋ ಮೊದಲು. ಶೋಭನಾ, ಕಾಪಿ ಹೇಳು.”

“ಕಾಪಿಯಾ? ಇದನ್ನ ಕುಡಿದ ಮೇಲೆ ನಾಲಿಗೆಗೆ ಕಾಪಿ ಯಾವುದು, ಅಕ್ಕಿ ತೊಳೆದ ಕಳನೀರು ಯಾವುದು ಅಂತ ತಿಳೀತಿಲ್ಲ ಕಣೋ! ಎಂಥ ಕಹಿ! ಹಳೇ ಮರುಂದು ಹೀಗಿರಲಿಲ್ಲ.”

ಆದರ್ಶ್ ವಿನಯದಿಂದ ನಡುವೆ ಬಂದ. “ಅಮ್ಮಾ, ಔಷಧ ಅದೇ. ಒಂದು ಹನಿಯೂ ಬದಲಾಗಿಲ್ಲ. ಹಿಂದೆ ಹೇಗಿತ್ತು ರುಚಿ?”

“ಹಿಂದೆ ನಾನ್ಯಾಕೆ ಕುಡೀಲಿ, ಕಣ್ಣು ಮಗಾ?”

ಆದರ್ಶ್ ಮೇಜಿನ ಮೇಲಿನ ಬಾಟಲಿಯನ್ನು ಕೈಗೆತ್ತಿಕೊಂಡ.

“ಕುಡೀತಿರಲಿಲ್ಲವೇ?”

“ಪಾರ್ಸಲ್ ಬರೋ ಹೊತ್ತಿಗೆ ವಾಸಿ ಆಗಿರ್ತಿತ್ತು. ವಾಸಿಯಾದ ಮೇಲೆ ಮದ್ದು ಕುಡಿಯೋಕೆ ನನಗೇನು ಹುಚ್ಚಾ? ಮುರುಗನ ಪಟದ ಮುಂದೆ ಇಟ್ಟು, ಕೈ ಮುಗಿದು, ಮಗ್ಗಕ್ಕೆ ಇಳೀತಿದ್ದೆ. ಮನೇಲಿ ಸಾಲಾಗಿ ಇದೆ, ಬಂದು ನೋಡು, ಒಂದರ ಮುಚ್ಚಳವಾದ್ರೂ ತೆರೆದಿದ್ದೀನಾ ಅಂತ.”

“ಹಾಗಾದರೆ ವಾಸಿ ಮಾಡಿದ್ದು ಯಾವುದು?” ಎಂದು ಆದರ್ಶ್ ಕೇಳಿದ.

“ಇದೇ ಮರುಂದು! ಬೇರೆ ಯಾವುದು?”

“ನೀವು ಕುಡಿದೇ ಇಲ್ಲವಲ್ಲ ಅಮ್ಮಾ!”

“ಆರ್ಡರ್ ಮಾಡಿದ್ದೆನಲ್ಲ ಅಪ್ಪಾ!” ಪಳನಿಯಮ್ಮ ಆ ವಿದ್ಯಾವಂತನನ್ನು ಮರುಕದಿಂದ ನೋಡಿದರು. “ಆರ್ಡರ್ ಮಾಡಿದ ದಿನದಿಂದ ಮರುಂದು ಬರೋವರೆಗೂ ಪಥ್ಯ. ಬೆಳಿಗ್ಗೆ ಸೊಸೆ ಶುಂಠಿ ಕಷಾಯ ಕಾಸಿ ಕೊಡ್ತಾಳೆ. ಸಂಜೆ ಎಣ್ಣೆ ಕಾಯಿಸಿ ಕಾಲು ತಿಕ್ಕುತ್ತಾಳೆ. ಮಗ್ಗದ ಗುಂಡಿಗೆ ಕಾಲು ಇಳಿಬಿಡು ಅಂತ ಯಾರೂ ಅನ್ನೋದಿಲ್ಲ. ಸೀರೆ ನೇಯಿಸೋ ಮೊದಲಾಳಿ ಬಂದ್ರೂ, ‘ಅಮ್ಮನಿಗೆ ಮರುಂದು ದಾರೀಲಿದೆ, ಅಪ್ಪುರಂ ಬನ್ನಿ, ಆಮೇಲೆ ನೋಡೋಣ’ ಅಂತ ಮಗನೇ ಕಳಿಸ್ತಾನೆ. ಈ ಸಲ ಏನಾಯ್ತು? ಸಾಯಂಕಾಲ ಹೇಳಿದೆ, ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ಬಂದು ನಿಂತಿದೆ ಬಾಟಲಿ! ‘ಮರುಂದು ಬಂತಲ್ಲಮ್ಮ, ಇನ್ನೇನು’ ಅಂದ ಮಗ. ಅವತ್ತೇ ಮಗ್ಗಕ್ಕೆ ಕೂತೆ.” ಕಾಲನ್ನು ಚಾಚಿ ಮಂಡಿ ತೋರಿಸಿದರು. ಅದು ಸಣ್ಣ ಕುಂಬಳದಷ್ಟು ಊದಿತ್ತು. “ನನಗೆ ಈ ಚೀಕ್ರಂ, ಬೇಗ ಬರೋದು ಬೇಡ. ನನ್ನ ಹಳೇ ಮರುಂದು ಕೊಡು.”

ಗೋಪಾಲಸಾಮಿ ತಾತನ ಪಟವನ್ನು ನೋಡಿದರು. ಆಮೇಲೆ ಆದರ್ಶನನ್ನು ನೋಡಿದರು. ಆ ನೋಟದಲ್ಲಿ ದಾವಣಗೆರೆಯ ಬಸ್ಸು ಹಾರನ್ ಬಾರಿಸುತ್ತಿತ್ತು.

“ತಂಬಿ, ನನಗೆ ಓದು ಕಮ್ಮಿ. ನೀವೇ ಹೇಳಿ. ನಮ್ಮ ಕಂಪನಿ ಇಷ್ಟು ದಿನ ಮಾರುತ್ತಿದ್ದದ್ದು ಏನು?”

ಅದುವರೆಗೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಆ ಉತ್ತರ ಆದರ್ಶನ ಬಾಯಿಂದ ತಾನಾಗಿ ಹೊರಬಿತ್ತು. “ತಡ, ಸಾರ್.”

“ಹಾಂ. ಅದನ್ನ ನೀವು ನಿಲ್ಲಿಸಿಬಿಟ್ರಿ.”

“ತಡವನ್ನು ಮತ್ತೆ ತರಬಹುದು, ಸಾರ್,” ಎಂದ ಆದರ್ಶ್. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು. ಅವನು ಅದರಿಂದ ಹಡಗು ಕಟ್ಟಲು ಹೊರಟ. “ಆದರೆ ಈ ಬಾರಿ ವ್ಯವಸ್ಥಿತವಾಗಿ.”

ವಾರದೊಳಗೆ ವಿಳಂಬ ವಿಭಾಗ ಸ್ಥಾಪನೆಯಾಯಿತು. ಗೋಡೆಯ ಮೇಲಿನ ಹಳೆಯ ಸುತ್ತೋಲೆಯನ್ನು ಕಿತ್ತು ಹೊಸದನ್ನು ಅಂಟಿಸಲಾಯಿತು. ಅದರ ಮುಖ್ಯಾಂಶಗಳು ಹೀಗಿದ್ದವು: ‘ರೋಗವು ಮನೆಯಿಂದ ನಿರ್ಗಮಿಸುವ ಮುನ್ನ ಔಷಧವು ಆ ಮನೆಯನ್ನು ಪ್ರವೇಶಿಸತಕ್ಕದ್ದಲ್ಲ. ಅವಸರದಿಂದ ವಿತರಿಸಿದ ನೌಕರನು ಶಿಸ್ತುಕ್ರಮಕ್ಕೆ ಒಳಪಡುವನು. ಔಷಧ ದಾರಿಯಲ್ಲಿರುವಷ್ಟು ಕಾಲ ರೋಗಿಯನ್ನು ಕೆಲಸಕ್ಕೆ ಕರೆಯುವುದು ಔಷಧದ ಗುಣಕ್ಕೆ ಧಕ್ಕೆ ತರುವ ಕೃತ್ಯವೆಂದು ಭಾವಿಸತಕ್ಕದ್ದು.’ ಇದಕ್ಕೂ ಆಕ್ಷೇಪಣೆ ಬರಲಿಲ್ಲ. ಅಕ್ಷರಗಳು ಮೊದಲಿನಷ್ಟೇ ದುಂಡಗಿದ್ದವು.

ಬಾಟಲಿಗಳನ್ನು ಗೋದಾಮಿನಲ್ಲೇ ಇಟ್ಟುಕೊಂಡು ‘ದಾರಿಯಲ್ಲಿದೆ’ ಎಂದು ಸಂದೇಶ ಕಳಿಸಿದರೆ ಸಾಲದೇ ಎಂದು ಶೋಭನಾ ಕೇಳಿದರು. ಗೋಪಾಲಸಾಮಿ ಕಿವಿ ಮುಚ್ಚಿಕೊಂಡರು.

“ಸುಳ್ಳು ಹೇಳಬಾರದಮ್ಮಾ! ಮೂರು ತಲೆಮಾರಿನ ಕಂಪನಿ. ದಾರಿಯಲ್ಲಿದೆ ಅಂದ್ರೆ ದಾರಿಯಲ್ಲೇ ಇರಬೇಕು.”

ಆದ್ದರಿಂದ ಸಂಸ್ಥೆಯು ಒಂದು ವ್ಯಾನನ್ನು ಕೊಂಡು, ಶಣ್ಮುಗಂ ಎಂಬ ಅನುಭವಿ ಚಾಲಕನನ್ನು ನೇಮಿಸಿತು. ಸಂದರ್ಶನದಲ್ಲಿ, ಹಿಂದಿನ ಕೆಲಸ ಏಕೆ ಹೋಯಿತೆಂದು ಕೇಳಿದಾಗ ಅವನು “ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗ್ತಿರಲಿಲ್ಲ” ಎಂದಿದ್ದ. ಸಮಿತಿ ಎದ್ದು ನಿಂತು ಕೈಕುಲುಕಿತು. ಅಂದಿನಿಂದ ಪಳನಿಯಮ್ಮನ ಬಾಟಲಿ ಪೋತ್ತನೂರಿನಿಂದ ಹೊರಟು, ತಿರುಪ್ಪೂರು ಮುಟ್ಟಿ, ಧಾರಾಪುರದಲ್ಲಿ ಚಹಾ ಕುಡಿದು, ಪಳನಿ ಬೆಟ್ಟಕ್ಕೆ ದೂರದಿಂದಲೇ ನಮಸ್ಕರಿಸಿ, ಮರಳಿ ಪೋತ್ತನೂರಿಗೇ ಬಂದು, ಮತ್ತೆ ಹೊರಡುತ್ತಿತ್ತು. ಪ್ರತಿ ಬೆಳಿಗ್ಗೆ ರೋಗಿಯ ಫೋನಿಗೆ ಸಂದೇಶ ತಲುಪುತ್ತಿತ್ತು: ‘ನಿಮ್ಮ ಔಷಧವು ಈಗ ಉಡುಮಲೈಯಲ್ಲಿ ವಿಶ್ರಾಂತಿ ಪಡೆಯುತ್ತಿದೆ. ತಾವೂ ಪಡೆಯತಕ್ಕದ್ದು.’

ದೂರುಗಳು ನಿಂತವು. ತಿರುಪ್ಪೂರಿನ ಹೊಲಿಗೆ ಯಂತ್ರದವರು ಕತ್ತುನೋವಿಗೆ ಗುಂಪುಗುಂಪಾಗಿ ಆರ್ಡರ್ ಮಾಡತೊಡಗಿದರು. ‘ಮದ್ದು ದಾರಿಯಲ್ಲಿದೆ’ ಎಂಬ ಸಂದೇಶ ತೋರಿಸಿದರೆ ಸೂಪರ್‌ವೈಸರ್‌ಗಳು ಗೊಣಗುತ್ತಲಾದರೂ ರಜೆ ಕೊಡುತ್ತಿದ್ದರು, ಏಕೆಂದರೆ ಅವರ ಸ್ವಂತ ಬಾಟಲಿಗಳೂ ಅದೇ ವ್ಯಾನಿನಲ್ಲಿದ್ದವು. ರಫ್ತು ಕಂಪನಿಯ ಮಾಲೀಕರೊಬ್ಬರು ಸ್ವತಃ ಫೋನು ಮಾಡಿ, ತಮ್ಮ ನಿದ್ರಾಭಂಗಕ್ಕೆ ಇನ್ನೂ ನಿಧಾನವಾದದ್ದು ಏನಾದರೂ ಇದೆಯೇ ಎಂದು ವಿಚಾರಿಸಿದರು. ಇಂಥ ಮಾತಿಗೆ ಗೋಪಾಲಸಾಮಿಯವರ ಕಿವಿ ಸದಾ ಚುರುಕು. ಕೂಡಲೇ ದುಬಾರಿ ದರದ ‘ಅತಿವಿಳಂಬ ಸೇವೆ’ ಆರಂಭವಾಯಿತು. ಅದರಲ್ಲಿ ಬಾಟಲಿಯು ಕನ್ಯಾಕುಮಾರಿಯನ್ನು ನೋಡಿಕೊಂಡು ಬರುತ್ತಿತ್ತು. ಒಳಗೆ ಏನು ತುಂಬಬೇಕೆಂಬ ಚರ್ಚೆ ಒಮ್ಮೆ ಎದ್ದಿತಾದರೂ, ಅದು ಪ್ರಯಾಣಕ್ಕೆ ಸಂಬಂಧಿಸಿದ ವಿಷಯವಲ್ಲವೆಂದು ಕೈಬಿಡಲಾಯಿತು. ಪಳನಿಯಮ್ಮನ ಮಂಡಿಯ ಊತ ಇಳಿಯಿತು. ಹೊಸ ಬಾಟಲಿ ಬಂದು ಮುರುಗನ ಪಟದ ಮುಂದಿನ ಸಾಲಿಗೆ ಸೇರಿತು.

ಆದರ್ಶನ ಪರೀಕ್ಷಾವಧಿಯ ಕೊನೆಯ ದಿನ ಗೋಪಾಲಸಾಮಿ ಅವನನ್ನು ಕರೆದು, ಹೆಗಲ ಮೇಲೆ ಕೈಯಿಟ್ಟರು.

“ತಂಬಿ, ನಿಮ್ಮ ಆದೇಶ ಟೈಪ್ ಆಗಿದೆ. ಸಹಿ ಹಾಕಿದ್ದೀನಿ.”

“ಕಾಯಂ ಆದೇಶವೇ, ಸಾರ್?” ಆದರ್ಶ್ ಕೈ ಚಾಚಿದ.

ಗೋಪಾಲಸಾಮಿ ಆ ಕೈಯನ್ನು ನೋಡಿ ನೊಂದುಕೊಂಡರು. “ನೀವೇ ಹೀಗೆ ಅವಸರ ಪಟ್ರೆ ಹೇಗೆ? ಕಂಪನಿಯ ನಿಯಮ ಬರೆದವರು ನೀವು. ಈಗ ತಾನೇ ಶಣ್ಮುಗಂ ವ್ಯಾನಿಗೆ ಹಾಕಿದ್ದೀನಿ. ದಾರಿಯಲ್ಲಿದೆ.”

ಕಿಟಕಿಯ ಹೊರಗೆ ವ್ಯಾನು ತಿರುಪ್ಪೂರಿನ ದಿಕ್ಕಿಗೆ ತಿರುಗುತ್ತಿತ್ತು. ಓಡಿ ಹೋಗಿ ಹಿಡಿಯಬಹುದಾದಷ್ಟು ನಿಧಾನವಾಗಿಯೇ ಹೋಗುತ್ತಿತ್ತು. ಆದರ್ಶ್ ಎದ್ದ. ಸುತ್ತೋಲೆಯ ಮುಂದೆ ನಿಂತು ತಾನೇ ಬರೆದದ್ದನ್ನು ಮೊದಲ ಬಾರಿಗೆ ನಿಧಾನವಾಗಿ ಓದಿದ. ಆಮೇಲೆ ಬಂದು ಕುಳಿತ.

ಮರುದಿನದಿಂದ ಶೋಭನಾ ಮುಂಜಾನೆ ಅವನ ಮೇಜಿಗೆ ಒಂದು ಲೋಟ ಶುಂಠಿ ಕಷಾಯ ತಂದಿಡತೊಡಗಿದರು. ಪತ್ರ ದಾರಿಯಲ್ಲಿರುವವರಿಗೆ ಭಾರದ ಕೆಲಸ ವರ್ಜ್ಯವಾದ್ದರಿಂದ ಯಾರೂ ಅವನಿಗೆ ಕಡತ ಕೊಡಲಿಲ್ಲ, ಗದರಲಿಲ್ಲ. ಫೋನಿಗೆ ಸಂದೇಶಗಳು ಬಂದವು: ಆದೇಶ ಧಾರಾಪುರದಲ್ಲಿದೆ, ಆದೇಶ ಉಡುಮಲೈಯಲ್ಲಿ ಮಲಗಿದೆ. ದಾವಣಗೆರೆಯಿಂದ ತಂದೆ ಕರೆ ಮಾಡಿದಾಗಲೆಲ್ಲ “ದಾರಿಯಲ್ಲಿದೆ ಅಪ್ಪ” ಎನ್ನುತ್ತಿದ್ದ, ತಂದೆ ಅದನ್ನು ಬೀದಿಗೆ ವರದಿ ಮಾಡುತ್ತಿದ್ದರು, ಬೀದಿಯೂ ತೃಪ್ತಿಪಟ್ಟಿತ್ತು. ಕನಸಿನ ಪೇಡಗಳು ಮರಳಿ ಬರುವುದನ್ನು ಬಿಟ್ಟವು. ಅವನಿಗೆ ಒಳ್ಳೆಯ ನಿದ್ದೆ ಬರತೊಡಗಿತು.

ಲಕೋಟೆ ಕೊನೆಗೊಮ್ಮೆ ಬಂತು. ಅಂಚು ಸವೆದು, ಮೈಗೆಲ್ಲ ಪ್ರಯಾಣದ ಧೂಳು ಮೆತ್ತಿತ್ತು. ಕಚೇರಿಯವರೆಲ್ಲ ಸುತ್ತ ನೆರೆದರು. ಆದರ್ಶ್ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ. ಇಷ್ಟು ದಿನದಲ್ಲಿ ಅವನ ಚಿಂತೆಯೂ ವಾಸಿಯಾಗಿ ಹೋಗಿತ್ತು. ವಾಸಿಯಾದ ಮೇಲೆ ತೆರೆಯಲು ಅವನಿಗೇನು ಹುಚ್ಚೇ?

ಅವನು ಲಕೋಟೆಯನ್ನು ತಾತನ ಪಟದ ಮುಂದೆ ಇಟ್ಟು, ಕೈ ಮುಗಿದು, ಕೆಲಸಕ್ಕೆ ಕುಳಿತ. ಗೋಪಾಲಸಾಮಿ ಮೆಚ್ಚುಗೆಯಿಂದ ತಲೆದೂಗಿದರು. ಶೋಭನಾ ಅದಕ್ಕೊಂದು ಮೊಳ ಮಲ್ಲಿಗೆ ಹಾಕಿದರು. ಈ ಆದೇಶದ ಬಗ್ಗೆಯೂ ಇದುವರೆಗೆ ಯಾವುದೇ ದೂರು ಬಂದಿಲ್ಲ.