ಹಾರ ಹಾಕಿಸಿಕೊಂಡ ಸರ್ಟಿಫಿಕೇಟು

ನಾನು ಕೋಗಿಲು ಊರಿನ ನಮ್ಮ ಜಗಲಿಯಲ್ಲಿ ಸುಮ್ಮನೆ ಕೂತಿದ್ದರೂ ಬೀದಿಯ ಸುದ್ದಿಯೆಲ್ಲ ಮಡಿಲಿಗೇ ಬಂದು ಬೀಳುತ್ತೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಓದಿದವರ ಸುದ್ದಿ ಅಂದರೆ ಇನ್ನೂ ರುಚಿ.

೧. ಬಾಡಿಗೆ ಓದು

ನಮ್ಮ ಬೀದಿಯ ಮೆಡಿಕಲ್ ಅಂಗಡಿಯವನಿಗೆ ಮಾತ್ರೆಗಳೆಲ್ಲ ಬಾಯಿಪಾಠ. ಫಾರ್ಮಸಿ ಮಾತ್ರ ಓದಿಲ್ಲ. ಓದಿದವರಿಲ್ಲದೆ ಲೈಸೆನ್ಸ್ ಇಲ್ಲವಂತೆ. ಅದಕ್ಕೆ ಸೋಲದೇವನಹಳ್ಳಿಯ ಒಬ್ಬಳ ಸರ್ಟಿಫಿಕೇಟನ್ನ ಬಾಡಿಗೆಗೆ ತಂದು, ಫೋಟೋ ಸಮೇತ ಗೋಡೆಗೆ ಹಾಕಿದ್ದ.

"ಏನೋ, ಓದೂ ಬಾಡಿಗೆಗೆ ಸಿಗುತ್ತಾ?" ಅಂದೆ.

"ಮೆಲ್ಲಗೆ ಅಜ್ಜಿ, ಬೀದಿಗೆಲ್ಲ ಕೇಳುತ್ತೆ!"

"ಬೀದಿಗೆ ನಾನು ನಿನ್ನೆಯೇ ಹೇಳಾಯ್ತು ಬಿಡೋ."

೨. ಶುಕ್ರವಾರದ ಪೂಜೆ

ಅವನ ಹೆಂಡತಿಗೆ ಭಕ್ತಿ ಜಾಸ್ತಿ. ಅನ್ನ ಕೊಡೋ ಕಾಗದ ಅಂತ ಪ್ರತಿ ಶುಕ್ರವಾರ ಅದಕ್ಕೆ ಊದುಬತ್ತಿ, ಕನಕಾಂಬರದ ಹಾರ. ಫೋಟೋಗೆ ಹಾರ ಬಿದ್ದರೆ ಜನ ಏನಂದ್ಕೋತಾರೆ? ಹೊಸ ಗಿರಾಕಿಯೊಬ್ಬರು ಲೊಚಗುಟ್ಟಿ, "ಇಷ್ಟೊಂದು ಔಷಧಿ ಇದ್ದೂ ಉಳೀಲಿಲ್ವಲ್ಲ!" ಅಂದು, ಕೆಮ್ಮಿನ ಸಿರಪ್ಪೂ ತಗೊಳ್ಳದೆ ಹೊರಟೇ ಹೋದರು.

೩. ಡ್ರಗ್ಸ್ ಇನ್ಸ್‌ಪೆಕ್ಟರ್ ಬಂದ

"ಫಾರ್ಮಸಿಸ್ಟ್ ಎಲ್ರೀ?"

"ಊಟಕ್ಕೆ ಹೋಗಿದ್ದಾರೆ ಸರ್."

ಇನ್ಸ್‌ಪೆಕ್ಟರ್ ಗೋಡೆ ನೋಡಿದ. "ಹಾರ ಹಾಕಿಸ್ಕೊಂಡು ಊಟಕ್ಕಾ?"

ಸಂಜೆಯೊಳಗೆ ಅವಳು ಬರದಿದ್ದರೆ ಅಂಗಡಿಗೆ ಶಾಶ್ವತ ಬೀಗ ಅಂದ. ಗಂಡ ಹೆಂಡತಿ ಅವಳಿಗೆ ಫೋನ್ ಮಾಡಿದರು, ಆಟೋದಲ್ಲಿ ಬಂದಳು. ಬಂದವಳು ತನ್ನ ಫೋಟೋ ಮುಂದೆಯೇ ನಿಂತುಬಿಟ್ಟಳು.

"ಇಲ್ಲೇ ಕೆಲಸ ಮಾಡ್ತೀರೇನಮ್ಮ?"

ಸುಳ್ಳು ಹೇಳಲಿಲ್ಲ ಹುಡುಗಿ. "ಇಲ್ಲ ಸರ್. ಮದುವೆ ಆದ್ಮೇಲೆ ಮನೆಯವರು ಕೆಲಸಕ್ಕೆ ಬೇಡ ಅಂದ್ರು. ಕಾಗದ ಒಂದೇ ಹೊರಗೆ ಬಂತು. ನಾನು ಮನೇಲಿದ್ದ ರೀತಿಗೆ ಈ ಹಾರ ಸರಿಯಾಗೇ ಇದೆ." ಆಮೇಲೆ ತಾನೇ ಅದನ್ನ ತೆಗೆದಿಟ್ಟು, "ಇನ್ಮೇಲೆ ನಾನೇ ಬರ್ತೀನಿ" ಅಂದಳು.

ಇನ್ಸ್‌ಪೆಕ್ಟರ್ ಹದಿನೈದು ದಿನ ಬೀಗ ಹಾಕಿಸಿ, ಅವಳು ಬಂದು ಕೂರೋದಾದರೆ ಮಾತ್ರ ತೆಗೀರಿ ಅಂದ.

೪. ಬೀಗ ತೆಗೆದ ದಿನ

ಬಿಪಿ ಮಾತ್ರೆಗೆ ಮೊದಲು ಹೋದವಳೇ ನಾನು. "ಡಾಕ್ಟರ ಚೀಟಿ ಕೊಡಿ ಅಜ್ಜಿ" ಅಂದಳು ಕೌಂಟರಿನಲ್ಲಿದ್ದ ಆ ಹುಡುಗಿ. ಸೆರಗಿನ ಗಂಟು ಬಿಚ್ಚಿ ಕೊಟ್ಟೆ.

"ಇದು ಗಂಡಸರ ಹೆಸರಲ್ವಾ?"

"ನಮ್ಮ ಯಜಮಾನರದು. ಅವರು ಹೋಗಿ ಆರು ವರ್ಷ ಆಯ್ತು. ಮಾತ್ರೆ ಉಳಿದಿತ್ತು, ನಾನು ಮುಂದುವರಿಸಿದೆ."

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬೇರೆಯವರ ಕಾಗದ ಇಟ್ಕೊಂಡು ಇಷ್ಟು ವರ್ಷ ನಡೆಸೋದಾ? ಭಯ ಬೇಡ್ವಾ?"

ನಾನು ಬಾಯಿ ತೆರೆಯೋ ಮೊದಲೇ, ಅಂಗಡಿಯವನು ಏನೋ ಬಿತ್ತು ಅಂತ ಕೌಂಟರ್ ಕೆಳಗೆ ಬಗ್ಗಿದವನು ನಾನು ಹೋಗೋ ತನಕ ಏಳಲೇ ಇಲ್ಲ.